ದಿನಕ್ಕೊಂದೇ ಬ್ಯಾಟರಿ

"ಇನ್ನೊಂದ್ ಸಲ ಒತ್ತಿ, ರಾಯ್ಸ್ಟನ್."

ಕೋಕಿಲಾ ಕಣ್ಣು ಮುಚ್ಚಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಹರ್ಲಿಂಗ್‌ಹ್ಯಾಮ್‌ನ ತನ್ನ ವೇಪ್, ಅಂದರೆ ಇ-ಸಿಗರೇಟಿನ, ಅಂಗಡಿಗೆ ರಾಯ್ಸ್ಟನ್ ಒಳಗಿನಿಂದ ಚಿಲಕ ಹಾಕಿದ್ದ. ಆದರೂ ನೈರೋಬಿಯ ಮಟಾಟು ವ್ಯಾನುಗಳ ಹಾರ್ನು ಗಾಜಿನ ಸಂದಿಯಿಂದ ನುಗ್ಗಿ ಬರುತ್ತಿತ್ತು. ಹಾರ್ನು ನಿಲ್ಲುವವರೆಗೆ ಅವಳು ಕೈಯೆತ್ತಿ ತಡೆದಳು. ಆಮೇಲೆ ಕೈ ಇಳಿಸಿದಳು.

ಟಿಕ್. ಚುಯ್ಯ್.

ಗುಂಡಿ ಒತ್ತಿದ ಸದ್ದಿನ ಬೆನ್ನಿಗೇ ಹೊಗೆಯೇಳುವ ಸದ್ದು. ಕಾದ ಬಾಣಲೆಗೆ ನೀರು ಚಿಮುಕಿಸಿದ ಹಾಗೆ.

"ಇದು ತುಂಬಿದ ಬ್ಯಾಟರಿ," ಎಂದ ರಾಯ್ಸ್ಟನ್. "ಈಗ ನಿನ್ನೆಯಿಡೀ ಬಳಸಿದ್ದನ್ನು ಹಾಕ್ತೇನೆ. ಬೇರೆ ಎಂತದ್ದೂ ಮುಟ್ಟುವುದಿಲ್ಲ. ಕೇಳಿ."

ಟಿಕ್.

ಒಂದು ಬಿಡುವು. ಆಮೇಲೆ, ತಡವಾಗಿ, ಮೆಲ್ಲಗೆ, ಚುಯ್.

ಕೋಕಿಲಾ ಕಣ್ಣು ತೆರೆದಳು. "ಇದೇ. ದತ್ತಾತ್ರೇಯ ಅವರ ಸಂಜೆಯ ಧೂಪ ಇದೇ."

ಗೋಡೆಗೊರಗಿ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ ಡೆಂಜಿಲ್ ನಕ್ಕ. "ಕೋಕಿಲಕ್ಕನಿಗೆ ವೇಪ್‌ನಲ್ಲೂ ರಾಗ ಕೇಳಿಸ್ತದೆ, ನೋಡು ರಾಯ್ಸ್ಟನ್."

ಡೆಂಜಿಲ್ ಅವಳ ಆಫೀಸಿನ ಪಾಲುದಾರ. ಜನ ತಮ್ಮ ಮನೆಯ ಗುಟ್ಟುಗಳನ್ನು ಹೊತ್ತು ತರುವ ಆ ಸಣ್ಣ ಖಾಸಗಿ ಪತ್ತೆ ಕಚೇರಿಯನ್ನು ಇಬ್ಬರೂ ಸೇರಿಯೇ ಕಟ್ಟಿದ್ದರು. ಅವನದು ಚುರುಕು ನಾಲಿಗೆ. ಪ್ರಶ್ನೆ ಅರ್ಧದಲ್ಲಿರುವಾಗಲೇ ಅವನ ಉತ್ತರ ಬಂದಿರುತ್ತಿತ್ತು.

ಗುರುವಾರ ಸಂಜೆ ಲ್ಯಾವಿಂಗ್ಟನ್‌ನ ಮನೆಯಲ್ಲಿ ದತ್ತಾತ್ರೇಯ ತಲೆಗೆ ಪೆಟ್ಟಾಗಿ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದರು. ಔಷಧ ಕಂಪನಿಯೊಂದರಲ್ಲಿ ಗುಣಮಟ್ಟ ನೋಡಿಕೊಳ್ಳುತ್ತಿದ್ದು ನಿವೃತ್ತರಾದವರು. ಈಗ ಅಪ್ಪರ್ ಹಿಲ್‌ನ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದರು. ಅವರನ್ನು ಮೊದಲು ಕಂಡ ಸೋದರಳಿಯ ಅಭಯ್ ಪೊಲೀಸರ ಲಾಕಪ್ಪಿನಲ್ಲಿದ್ದ. ಸೋಮವಾರ ಅವನನ್ನು ಕೋರ್ಟಿಗೆ ಕರೆದೊಯ್ಯುವವರಿದ್ದರು.

ಅವನ ಮೇಲೆ ಪೊಲೀಸರ ಬಳಿ ಇದ್ದದ್ದು ಒಂದೇ ಒಂದು ಗಟ್ಟಿ ಎಳೆ. ಅದು ದತ್ತಾತ್ರೇಯರ ದನಿ.

ನೈರೋಬಿಯ ಕೆಲವು ಕನ್ನಡದ ಮನೆಗಳವರು ಸೇರಿ ಫೋನಿನಲ್ಲೊಂದು ವಾಚನದ ಗುಂಪು ಮಾಡಿಕೊಂಡಿದ್ದರು. ದಿನವೂ ದೀಪ ಹಚ್ಚುವ ಹೊತ್ತಿಗೆ ದತ್ತಾತ್ರೇಯ ಹಳೆಯ ಕಾವ್ಯದ ಕೆಲವು ಪದ್ಯಗಳನ್ನು ರಾಗವಾಗಿ ಓದಿ ಅದಕ್ಕೆ ಕಳಿಸುತ್ತಿದ್ದರು. ಜ್ವರ ಬಂದ ದಿನವೂ ತಪ್ಪಿಸಿದವರಲ್ಲ. ಒಂದು ದಿನ ಬಿಟ್ಟರೆ ಕೇಳುವವರು ಕಂಗಾಲಾಗುತ್ತಾರೆ ಎನ್ನುವರು. ಪದ್ಯ ಮುಗಿದ ಮೇಲೆ ರೆಕಾರ್ಡಿಂಗ್ ನಿಲ್ಲಿಸಲು ಮರೆಯುವುದು ಅವರ ಚಾಳಿ. ಹಾಗಾಗಿ ಕೊನೆಯಲ್ಲಿ ವೇಪ್ ಸೇದುವ ಸದ್ದೂ ಬರುತ್ತಿತ್ತು. 'ರಾಯರ ಧೂಪ' ಎಂದು ಗುಂಪಿನವರು ಅದನ್ನು ಗೇಲಿ ಮಾಡುತ್ತಿದ್ದರು.

ಗುರುವಾರವೂ ದೀಪದ ಹೊತ್ತಿಗೆ ವಾಚನ ಬಂದಿತ್ತು. ಅಂದರೆ ಆಗ ಅವರು ಚೆನ್ನಾಗಿದ್ದರು. ಅದಾದ ಮೇಲೆ ಗೇಟು ದಾಟಿ ಒಳಗೆ ಬಂದವನು ಅಭಯ್ ಒಬ್ಬನೇ ಎಂದು ಅಸ್ಕರಿ, ಗೇಟಿನ ಕಾವಲುಗಾರ, ಹೇಳಿದ್ದ. ಹಿಂದಿನ ದಿನ ಮಾವ ಅಳಿಯನಿಗೆ ಜೋರು ಮಾತಾಗಿದ್ದನ್ನು ಪಕ್ಕದ ಮನೆಯವರು ಹೇಳಿದರು. ಪೊಲೀಸರಿಗೆ ಇನ್ನೇನು ಬೇಕು?

ಸ್ಟೇಷನ್ನಿನಿಂದ ಅಭಯ್ ಫೋನು ಮಾಡಿದ್ದು ಕೋಕಿಲಾಗೆ. ಹೋದಾಗ ಕಂಬಿಯ ಆಚೆಯಿಂದ ಅವನು ಹೇಳಿದ್ದರಲ್ಲಿ ಒಂದು ಮಾತು ಅವಳ ಕಿವಿಯಲ್ಲೇ ಉಳಿದಿತ್ತು. ಮಾವನ ವೇಪನ್ನು ಬೈಪಾಸ್‌ನಲ್ಲಿ ಇಟ್ಟುಕೊಟ್ಟವನು ತಾನೇ, ಸಂಜೆಯ ಹೊತ್ತಿಗೆ ಅದು ಸತ್ತ ಹಾಗೆ ಇರುತ್ತಿತ್ತು, ಅದನ್ನೂ ಪೂರ್ತಿ ಬಿಡಿ ಎಂದೇ ಜಗಳವಾಡಿದ್ದು, ಎಂದಿದ್ದ.

"ಈ ಬೈಪಾಸ್ ಅಂದ್ರೇನು, ನನಗೆ ಅರ್ಥ ಆಗೋ ಹಾಗೆ ಹೇಳಿ," ಎಂದಳು ಕೋಕಿಲಾ.

ರಾಯ್ಸ್ಟನ್ ವೇಪನ್ನು ಗಾಜಿನ ಮೇಲಿಟ್ಟ. "ನಿಮ್ಮ ಮನೆ ತಾರಸಿಯಲ್ಲಿ ನೀರಿನ ಟ್ಯಾಂಕ್ ಉಂಟಲ್ವಾ? ಕೆಳಗೆ ಪ್ರೆಷರ್ ಪಂಪ್ ಇದ್ದರೆ ಟ್ಯಾಂಕ್ ತುಂಬಿರಲಿ, ಅರ್ಧ ಇರಲಿ, ನಲ್ಲಿಯಲ್ಲಿ ಒಂದೇ ರಭಸ. ಈ ರೆಗ್ಯುಲೇಟೆಡ್ ವೇಪ್‌ನಲ್ಲಿ ಒಂದು ಚಿಪ್ ಇರ್ತದೆ, ಅದೇ ಪಂಪ್. ನೀವು ಇಷ್ಟು ವಾಟ್ ಅಂತ ಹೇಳಿದ್ರೆ ಬ್ಯಾಟರಿ ಎಷ್ಟೇ ಇಳಿದ್ರೂ ಅದು ಹೇಗೋ ಎಳೆದು ಅಷ್ಟನ್ನೇ ಕೊಡ್ತದೆ. ಬೆಳಿಗ್ಗೆಯೂ ಅದೇ ಹೊಗೆ, ಸಂಜೆಯೂ ಅದೇ ಹೊಗೆ."

"ಬೈಪಾಸ್ ಮಾಡಿದ್ರೆ?"

"ಪಂಪನ್ನು ಬದಿಗಿಟ್ಟು ಟ್ಯಾಂಕಿನಿಂದ ಸೀದಾ ನಲ್ಲಿಗೆ ಪೈಪು ಕೊಟ್ಟ ಹಾಗೆ. ಬ್ಯಾಟರಿಯಲ್ಲಿ ಎಷ್ಟು ವೋಲ್ಟೇಜ್ ಉಂಟೋ ಅಷ್ಟೇ ನೇರ ಹೊಗೆಯೆಬ್ಬಿಸುವ ತಂತಿಗೆ, ಅಂದ್ರೆ ಕಾಯಿಲ್‌ಗೆ. ಬ್ಯಾಟರಿ ತುಂಬಿರುವಾಗ ಕಾಯಿಲ್ ಥಟ್ಟಂತ ಕಾಯ್ತದೆ. ಇಳಿದ ಹಾಗೆ ಕಾಯಲಿಕ್ಕೆ ಹೊತ್ತು ಹಿಡಿತದೆ, ಹೊಗೆಯೂ ಕಡಿಮೆ."

"ಅಪಾಯ ಅಲ್ವಾ? ಪೊಲೀಸರು ಅದನ್ನೂ ಹುಡುಗನ ತಲೆಗೇ ಕಟ್ಟೋ ಹಾಗಿದ್ದಾರೆ."

"ಕಾಯಿಲ್ ಸರಿಯಾದ್ದು ಬೇಕು. ತೀರಾ ಕಡಿಮೆ ಓಮಿನದ್ದು ಹಾಕಿದ್ರೆ ಬ್ಯಾಟರಿ ತಡೆಯಲಾರದಷ್ಟು ಕರೆಂಟ್ ಎಳೀತದೆ, ಅದು ಅಪಾಯವೇ. ಆದ್ರೆ ಅಭಯ್ ಹಾಕಿದ್ದು ನಾನು ಕೊಟ್ಟ ಕಾಯಿಲ್, ಈ ವೇಪ್‌ಗೆ ಹೇಳಿ ಮಾಡಿಸಿದ್ದು. ಮತ್ತೆ ಚಿಪ್ ಏನು ಪೂರ್ತಿ ನಿದ್ದೆ ಹೋಗುವುದಿಲ್ಲ ಮಾರಾಯ್ರೆ. ಶಾರ್ಟ್ ಆದ್ರೆ ಆರಿಸ್ತದೆ, ಬ್ಯಾಟರಿ ತೀರಾ ತಳ ಮುಟ್ಟಿದ್ರೆ ನಿಲ್ಲಿಸ್ತದೆ. ವೋಲ್ಟೇಜ್ ತಿದ್ದುವ ಕೆಲಸ ಒಂದನ್ನು ಬಿಟ್ಟಿರ್ತದೆ ಅಷ್ಟೇ."

"ದತ್ತಾತ್ರೇಯ ಅವರು ಯಾಕೆ ಅದನ್ನ ಕೇಳಿದ್ರು?"

ರಾಯ್ಸ್ಟನ್ ಅವಳ ಕುರ್ಚಿಯತ್ತ ಕೈ ತೋರಿಸಿದ. "ಇಲ್ಲೇ, ನೀವು ಕೂತಲ್ಲೇ ಕೂತು ಹೇಳಿದ್ರು. ಸಿಗರೇಟು ಬಿಟ್ಟೆ, ಇದನ್ನೂ ಬಿಡಬೇಕು, ಮನಸ್ಸು ಕೇಳುವುದಿಲ್ಲ ಅಂತ. ದಿನಕ್ಕೊಂದೇ ಬ್ಯಾಟರಿ ಅಂತ ವ್ರತ ಹಿಡಿದಿದ್ದಾರೆ. ಸ್ನಾನ ಆದ ಮೇಲೆ ತುಂಬಿದ್ದು ಹಾಕುವುದು, ಮಾರನೇ ದಿನದವರೆಗೆ ಮುಟ್ಟುವಂತಿಲ್ಲ. ಹೊತ್ತು ಇಳಿದ ಹಾಗೆ ಇದೂ ಇಳೀಬೇಕು ರಾಯ್ಸ್ಟನ್, ಸಂಜೆಗೆ ಸಾಕು ಅಂತ ಇದೇ ನನಗೆ ಹೇಳಬೇಕು, ಅಂದ್ರು. ನನ್ನ ವ್ಯಾಪಾರಕ್ಕೆ ನಷ್ಟವೇ. ಆದ್ರೂ ಅಭಯ್‌ಗೆ ಹೇಳಿಕೊಟ್ಟೆ."

ಕೋಕಿಲಾ ತನ್ನ ಫೋನು ತೆಗೆದಳು. ಸೋಮವಾರದ ವಾಚನದ ಕೊನೆ. ಟಿಕ್, ಬಿಡುವು, ಚುಯ್. ಮಂಗಳವಾರ. ಟಿಕ್, ಬಿಡುವು, ಚುಯ್. ಬುಧವಾರ ಇನ್ನೂ ಮಂದ.

ಆಮೇಲೆ ಗುರುವಾರ.

ಟಿಕ್. ಚುಯ್ಯ್.

ರಾಯ್ಸ್ಟನ್ ಮೆಲ್ಲಗೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

"ಇದು ಬೆಳಗಿನ ಬ್ಯಾಟರಿ," ಎಂದ.

"ವ್ರತ ಮುರಿದು ಸಂಜೆ ಹೊಸ ಬ್ಯಾಟರಿ ಹಾಕಿರಬಹುದಲ್ಲ ಅಕ್ಕ," ಎಂದ ಡೆಂಜಿಲ್. "ಮನುಷ್ಯ ಅಲ್ವಾ."

"ಹಾಕಿದ್ರೆ ವೇಪ್‌ನಲ್ಲಿ ಈಗಲೂ ತುಂಬಿದ ಬ್ಯಾಟರಿ ಇರಬೇಕಿತ್ತು. ಸ್ಟೇಷನ್ನಿನಲ್ಲಿ ಅದರ ಪರದೆ ನೋಡಿದೆ. ಕೊನೇ ಗೆರೆಯಲ್ಲಿತ್ತು."

ಡೆಂಜಿಲ್ ಕೀಲಿ ತಿರುಗಿಸುವುದನ್ನು ನಿಲ್ಲಿಸಿದ.

"ಅವರು ಬೆಳಿಗ್ಗೆ ಅಭ್ಯಾಸಕ್ಕೆ ಅಂತ ಅವೇ ಪದ್ಯಗಳನ್ನ ಒಂದು ಸಲ ಹೇಳಿ ಫೋನಿನಲ್ಲಿ ಇಟ್ಕೊಳ್ತಾರೆ. ಸಂಜೆ ಹೊಸದಾಗಿ ಓದಿ ಕಳಿಸ್ತಾರೆ. ಗುರುವಾರ ಯಾರೋ ಬೆಳಗಿನದನ್ನ ಸಂಜೆ ಕಳಿಸಿದ್ದಾರೆ. ದೀಪದ ಹೊತ್ತಿಗೆ ಅವರು ಚೆನ್ನಾಗಿದ್ರು ಅನ್ನೋದಕ್ಕೆ ಈಗ ಸಾಕ್ಷಿಯೇ ಇಲ್ಲ. ಅದು ಹೋದ್ರೆ ಅಭಯ್ ಮೇಲಿನ ಆರೋಪಕ್ಕೆ ಕಾಲೇ ಇಲ್ಲ."

"ಕಳಿಸಿದವನು ಅಭಯ್ ಆಗಿದ್ರೆ?"

"ತನ್ನ ಕುತ್ತಿಗೆಗೆ ತಾನೇ ಹಗ್ಗ ಕಟ್ಕೊಳ್ತಾನಾ? ಆ ವಾಚನದಿಂದ ಸಿಕ್ಕಿಬಿದ್ದವನು ಅವನೊಬ್ಬನೇ."

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಆಸ್ಪತ್ರೆಯ ಡಾಕ್ಟರು. ಕೋಕಿಲಾ ಕೇಳಿಸಿಕೊಂಡಳು, ತಲೆಯಾಡಿಸಿದಳು, ಅಸಾಂಟೆ ಎಂದು ಕೃತಜ್ಞತೆ ಹೇಳಿ ಇಟ್ಟಳು.

"ಕೈಬೆರಳು ಅಲ್ಲಾಡಿಸಿದ್ರಂತೆ. ಸಂಜೆಯೊಳಗೆ ಎಚ್ಚರ ಆದರೂ ಆಗಬಹುದು."

"ದೇವರು ದೊಡ್ಡವ. ಹಾಗಾದ್ರೆ ಈಗಲೇ ಅಪ್ಪರ್ ಹಿಲ್‌ಗೆ ಹೋಗುವ," ಎಂದ ಡೆಂಜಿಲ್.

"ಮೊದಲು ಲ್ಯಾವಿಂಗ್ಟನ್," ಎಂದಳು ಕೋಕಿಲಾ. "ಅವರ ಫೋನು ತೆರೆಯೋಕೆ ಬರೋದು ಇಬ್ಬರಿಗೇ. ಒಬ್ಬ ಲಾಕಪ್ಪಿನಲ್ಲಿದ್ದಾನೆ."

*

ದತ್ತಾತ್ರೇಯರ ಹೆಂಡತಿ ಗಿರಿಜಾ ಬಾಗಿಲು ತೆರೆದಾಗ ಒಗ್ಗರಣೆಯ ವಾಸನೆ ಬಂತು. ಊಟದ ಮೇಜಿನ ಮೇಲೆ ಸ್ಟೀಲಿನ ಡಬ್ಬಿ ಮುಚ್ಚಳ ತೆರೆದು ಕೂತಿತ್ತು.

"ಅಭಯ್‌ಗೆ ಅವಲಕ್ಕಿ ಮಾಡಿದೀನಿ," ಎಂದರು ಗಿರಿಜಾ. "ನಿನ್ನೆ ಕಳಿಸಿದ್ದು ವಾಪಸ್ ಬಂತು. ಇವತ್ತು ನೀವು ಕೊಟ್ರೆ ತಗೋತಾರೇನೋ."

ಡೆಂಜಿಲ್ ಒಳಗೆ ಬರಲಿಲ್ಲ. ಕಾರಿನಲ್ಲೇ ಇರ್ತೇನೆ ಎಂದಿದ್ದ.

ಅಡಿಗೆಮನೆಯ ಕಟ್ಟೆಯ ಮೇಲೆ, ಮಿಕ್ಸಿಯ ಪಕ್ಕ ಚಾರ್ಜರ್ ಇತ್ತು. ಅದರಲ್ಲಿ ಇನ್ನೊಂದು ಬ್ಯಾಟರಿ. ಹಸಿರು ದೀಪ ಉರಿಯುತ್ತಿತ್ತು.

"ಶುಕ್ರವಾರಕ್ಕೆ ಅಂತ ಹಾಕಿಟ್ಟಿದ್ದು," ಎಂದರು ಗಿರಿಜಾ, ಅವಳ ನೋಟ ಹಿಡಿದು. "ತೆಗೆಯೋಕೆ ಮನಸ್ಸು ಬರಲಿಲ್ಲ. ಎದ್ದು ಬಂದು ಕೇಳ್ತಾರೆ ಅನ್ಸುತ್ತೆ."

ಕೋಕಿಲಾ ಅವರನ್ನು ಕೈಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ತಾನೂ ಎದುರಿಗೆ ಕೂತಳು. ಮೈಸೂರಿನ ಮನೆಯ ನಡುಮನೆಯಲ್ಲಿ ತಂದೆ ಪದ್ಯ ಹೇಳುವಾಗ ಅವಳು ಹೀಗೇ ಕೂರುತ್ತಿದ್ದಳು, ಮಂಡಿಗೆ ಮಂಡಿ ತಾಗುವ ಹಾಗೆ. ದನಿ ಎಲ್ಲಿ ನಿಲ್ಲುತ್ತದೆ, ಅಲ್ಲೇ ಕೇಳು ಮಗು, ಅಲ್ಲಿ ಅರ್ಥ ಇರುತ್ತದೆ, ಎನ್ನುತ್ತಿದ್ದರು ತಂದೆ.

ಅವಳು ಪ್ರಶ್ನೆ ಕೇಳಲಿಲ್ಲ. ಬುಧವಾರದ ವಾಚನದ ಕೊನೆಯನ್ನು ಕೇಳಿಸಿದಳು. ಆಮೇಲೆ ಗುರುವಾರದ್ದು. ಎರಡರ ನಡುವಿನ ವ್ಯತ್ಯಾಸವನ್ನು ತಗ್ಗಿದ ದನಿಯಲ್ಲಿ ಹೇಳಿದಳು. ಟ್ಯಾಂಕು, ಪಂಪು, ಬೆಳಗಿನ ಬ್ಯಾಟರಿ.

ಗಿರಿಜಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಗಿರಿಜಕ್ಕ, ಗುರುವಾರ ಭಜನೆಯಲ್ಲಿ ನಾನು ನಿಮ್ಮ ಪಕ್ಕದಲ್ಲೇ ಇದ್ದೆ. ಭಜನೆ ನಡೀವಾಗ ನೀವು ಯಾವತ್ತೂ ಫೋನು ಮುಟ್ಟೋರಲ್ಲ. ಅವತ್ತು ದೀಪ ಹಚ್ಚಿದ ಕೂಡ್ಲೇ ನಿಮ್ಮ ಕೈ ಚೀಲದೊಳಗೆ ಹೋಯ್ತು. ಆಮೇಲೆ ಎಲ್ಲರ ಫೋನೂ ಸದ್ದಾಯ್ತು. ನಿಮ್ಮ ಫೋನು ಮಾತ್ರ ಹೊರಗೆ, ನಿಮ್ಮ ಮಡಿಲಲ್ಲೇ ಇತ್ತು. ಚೀಲದಲ್ಲಿ ಇದ್ದದ್ದು ಯಾರ ಫೋನು?"

ಹೊರಗೆ ಹಡಾಡಾ ಹಕ್ಕಿಗಳು ಕೂಗುತ್ತ ಮನೆಯ ಮೇಲೆ ಹಾರಿಹೋದವು. ಗಿರಿಜಾ ಸೆರಗಿನ ತುದಿಯನ್ನು ಕೈಬಿಟ್ಟರು.

"ಕಳಿಸಿದ್ದು ನಾನೇ," ಎಂದರು.

"ಯಾಕೆ?"

"ಅವರು ಹೇಳಿದ್ರು." ಗಿರಿಜಾ ಸೆರಗಿನಿಂದ ಬಾಯಿ ಒತ್ತಿಕೊಂಡರು. "ಮಧ್ಯಾಹ್ನ ಊಟ ಮುಗಿಸಿ ಫೋನನ್ನ ನನ್ನ ಕೈಗೆ ಕೊಟ್ರು. ಇವತ್ತು ಸಂಜೆ ನಾನು ಮನೇಲಿರಲ್ಲ, ವಾಚನ ತಪ್ಪಬಾರದು, ಬೆಳಿಗ್ಗೆ ಹೇಳಿದ್ದನ್ನೇ ದೀಪದ ಹೊತ್ತಿಗೆ ಕಳಿಸು ಅಂದ್ರು. ನಾನು ಮನೇಲಿಲ್ಲ ಅಂತ ಯಾರಿಗೂ ಗೊತ್ತಾಗಬಾರದು, ಅಭಯ್‌ಗೂ ಕೂಡ, ಅಂದ್ರು. ದೇವರ ಮುಂದೆ ನಿಂತು ನನ್ನ ಹತ್ರ ಮಾತು ತಗೊಂಡ್ರು."

"ಗೇಟಿನವನು ನೋಡಲಿಲ್ವಲ್ಲ?"

"ಹಿತ್ತಲಿನ ಸಣ್ಣ ಗೇಟಿಂದ ಹೋದ್ರು. ಪೊಲೀಸರು ಗೇಟಿನವನನ್ನ ಕೇಳಿದ್ದು ಯಾರು ಬಂದ್ರು ಅಂತ. ಯಾರು ಹೋದ್ರು ಅಂತ ಯಾರೂ ಕೇಳಲೇ ಇಲ್ಲ. ನಾನು ಭಜನೆ ಮುಗಿಸಿ ಬರೋ ಹೊತ್ತಿಗೆ ಅಭಯ್ ಅವರ ತಲೆ ತೊಡೆ ಮೇಲೆ ಇಟ್ಕೊಂಡು ಅಳ್ತಾ ಇದ್ದ. ಆ ಗಡಿಬಿಡಿಲಿ ಫೋನನ್ನ ಜಗುಲಿ ಮೇಜಿನ ಮೇಲೆ ಇಟ್ಬಿಟ್ಟೆ. ಅವರು ದಿನಾ ಇಡೋ ಜಾಗ. ಕೈ ತಾನಾಗೇ ಇಟ್ಬಿಡ್ತು."

"ಅಭಯ್‌ನ ಕರ್ಕೊಂಡು ಹೋಗುವಾಗಲೂ ಹೇಳಲಿಲ್ಲ."

ಅದು ಆಪಾದನೆಯಂತೆ ಬರದಿರಲಿ ಎಂದು ಕೋಕಿಲಾ ಎಷ್ಟು ಮೆತ್ತಗೆ ಹೇಳಿದರೂ ಗಿರಿಜಾರ ಮುಖ ಕುಸಿಯಿತು.

"ನನ್ನ ಹೊಟ್ಟೇಲಿ ಹುಟ್ಟಿಲ್ಲ ಅಷ್ಟೇ, ಕೋಕಿಲಾ. ಅವನು ಆ ತಣ್ಣಗಿನ ನೆಲದ ಮೇಲೆ ಮಲಗಿದಾನೆ ಅಂತ ನನಗೆ ತುತ್ತು ಇಳೀತಿಲ್ಲ. ಆದ್ರೆ ಇವರು ಏನೋ ದೊಡ್ಡದಕ್ಕೆ ಕೈ ಹಾಕಿದ್ರು. ಹಳೇ ಕಂಪನಿ ವಿಷಯ. ಮೊದಲು ಅಲ್ಲಿ ಹೇಳಿ ಬರ್ತೀನಿ, ಆಮೇಲೆ ನಿನಗೂ ಹೇಳ್ತೀನಿ ಅಂದಿದ್ರು. ನಾನು ಬಾಯಿ ಬಿಟ್ರೆ ಅವರ ಜೀವಕ್ಕೆ ಏನಾದ್ರೂ ಆದ್ರೆ? ಎಚ್ಚರ ಆಗೋವರೆಗೆ ಕಾಯೋಣ ಅಂತ ಕಾದೆ."

"ಸೋಮವಾರ ಕೋರ್ಟಿನಲ್ಲಿ ಇಷ್ಟನ್ನೇ ಹೇಳಿ. ಅಭಯ್ ಹೊರಗೆ ಬರ್ತಾನೆ."

"ಹೇಳ್ತೀನಿ." ಗಿರಿಜಾ ಕಣ್ಣೊರೆಸಿಕೊಂಡರು. "ನೀವೂ ನಿಮ್ಮದನ್ನ ಹೇಳ್ತೀರಲ್ವಾ?"

ಕೋಕಿಲಾಗೆ ಅರ್ಥವಾಗಲಿಲ್ಲ. "ನನ್ನದು ಏನು? ಅವರು ಯಾರನ್ನ ನೋಡೋಕೆ ಹೋಗಿದ್ರು ಗಿರಿಜಕ್ಕ?"

ಗಿರಿಜಾ ಅವಳನ್ನು ಬಹಳ ಹೊತ್ತು ನೋಡಿದರು. ಆ ನೋಟದಲ್ಲಿ ಮೂರು ದಿನದ ಭಯ ಒಂದೇ ಸಲ ಮೇಲೆ ಬಂತು.

"ನಿಮ್ಮನ್ನೇ."

ಕೋಕಿಲಾ ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲಿಟ್ಟಳು.

"ನಿಮ್ಮನ್ನ ನೋಡೋಕೆ ಅಂತಾನೇ ಹೋದ್ರು. ಭಜನೆಯಲ್ಲಿ ನೀವು ನನ್ನ ಪಕ್ಕ ಬಂದು ಕೂತಾಗ ನನ್ನ ಎದೆ ಧಸಕ್ ಅಂತು. ಆಮೇಲೆ, ಮಾತು ಮುಗಿದಿರಬೇಕು, ಇವರನ್ನ ಮನೆಗೆ ಬಿಟ್ಟು ಏನೂ ಆಗದ ಹಾಗೆ ಬಂದಿದೀರಿ ಅಂದ್ಕೊಂಡೆ. ನೀವು ನನ್ನ ನೋಡಿ ನಕ್ಕಿರಿ. ನಾನೂ ನಕ್ಕೆ. ಇವರು ಬಿದ್ದ ಮೇಲೆ ನೀವೇ ಬಾಯಿ ಬಿಡ್ತೀರಿ ಅಂತ ಕಾದೆ. ನೀವು ಬಿಡಲಿಲ್ಲ. ಆಗ ನನಗೆ ನಿಮ್ಮ ಮೇಲೇ ಹೆದರಿಕೆ ಹತ್ತಿತು."

"ನಾನು ಅವರನ್ನ ನೋಡೇ ಇಲ್ಲ," ಎಂದಳು ಕೋಕಿಲಾ. ಅವಳ ದನಿ ಅವಳಿಗೇ ದೂರದಿಂದ ಕೇಳಿಸಿತು. "ಗುರುವಾರ ಅವರು ನನಗೆ ಫೋನೂ ಮಾಡಿಲ್ಲ."

"ಫೋನು ಮಾಡಿದ್ದು ನಿಮ್ಮ ಆಫೀಸಿಗೆ, ಬೆಳಿಗ್ಗೆ. ನಾನು ಇಲ್ಲೇ ಇದ್ದೆ. ಆಮೇಲೆ ನಿಮ್ಮ ಕಾರೇ ಬಂತಲ್ಲ, ಹಿಂದಿನ ಓಣಿಗೆ. ಈ ಕಿಟಕಿಯಿಂದ ನೋಡಿದೆ. ಬಾಗಿಲು ತೆಗೆದು ಇವರನ್ನ ಕೈಹಿಡಿದು ಕೂರಿಸಿದ್ದು ನಿಮ್ಮ ಡೆಂಜಿಲ್."

ಚಾರ್ಜರಿನ ಹಸಿರು ದೀಪ ಹಾಗೇ ಉರಿಯುತ್ತಿತ್ತು.

ಗುರುವಾರ ಕೋಕಿಲಾ ಭಜನೆಗೆ ಟ್ಯಾಕ್ಸಿಯಲ್ಲಿ ಹೋಗಿದ್ದಳು. ಕಾರು ಗ್ಯಾರೇಜಿನಲ್ಲಿದೆ ಅಕ್ಕ, ಬ್ರೇಕಿನ ಕೆಲಸ, ಎಂದು ಡೆಂಜಿಲ್ ಹೇಳಿದ್ದ. ಅವಳು ಕೇಳುವ ಮೊದಲೇ ಹೇಳಿದ್ದ.

ಈ ಬೆಳಿಗ್ಗೆ ತಾನು ಕಂಡುಕೊಂಡದ್ದನ್ನೆಲ್ಲ ಒಂದೂ ಬಿಡದೆ ಅವನ ಮುಂದೆ ಬಿಚ್ಚಿಟ್ಟಿದ್ದಳು. ದತ್ತಾತ್ರೇಯರಿಗೆ ಸಂಜೆಯೊಳಗೆ ಎಚ್ಚರವಾಗಬಹುದು ಎಂಬುದನ್ನೂ.

ಹೊರಗಡೆ ಕಾರಿನ ಬಾಗಿಲು ಮುಚ್ಚಿದ ಸದ್ದು. ಜಗುಲಿಯ ಮೇಲೆ ಹೆಜ್ಜೆ. ಗಿರಿಜಾರ ಕೈ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು.

"ಆಯ್ತಾ ಅಕ್ಕ?" ಬಾಗಿಲಲ್ಲಿ ಡೆಂಜಿಲ್ ನಗುತ್ತ ನಿಂತಿದ್ದ. ಎಂದಿನ ಅದೇ ನಗೆ. ಅವನ ತಾಯಿ ತೀರಿಕೊಂಡಾಗ ಊರಿಗೆ ಹೋಗಲು ಟಿಕೆಟ್ಟು ಸಿಗದೆ ಕೋಕಿಲಾಳ ಮನೆಯ ಸೋಫಾದ ಮೇಲೆ ಕೂತು ಅತ್ತಿದ್ದವನು ಇವನೇ. "ಸವಾ, ಸರಿಯಾ? ಹೊರಡುವ? ಟ್ರಾಫಿಕ್ ಕಟ್ಟಿಕೊಂಡ್ರೆ ಅಪ್ಪರ್ ಹಿಲ್ ಮುಟ್ಟುವಾಗ ಕತ್ತಲಾಗ್ತದೆ."

ಕೋಕಿಲಾ ಎದ್ದಳು. ಅವಲಕ್ಕಿಯ ಡಬ್ಬಿಯ ಮುಚ್ಚಳವನ್ನು ನಿಧಾನವಾಗಿ ಒತ್ತಿ ಮುಚ್ಚಿದಳು. ಅವನ ಕಡೆ ಬೆನ್ನು ಮಾಡಿ, ಕಣ್ಣು ಮುಚ್ಚಿಕೊಂಡು, ತೀರಾ ಸಹಜವಾಗಿ ಕೇಳಿದಳು.

"ಹೊರಡೋಣ. ಅಂದಹಾಗೆ ಡೆಂಜಿಲ್, ಗುರುವಾರ ಕಾರು ಗ್ಯಾರೇಜಿಂದ ಎಷ್ಟೊತ್ತಿಗೆ ಬಂತು?"

ಅವನ ಬೆರಳಲ್ಲಿ ತಿರುಗುತ್ತಿದ್ದ ಕೀಲಿಯ ಸದ್ದು ನಿಂತಿತು.

ಇಷ್ಟು ವರ್ಷಗಳಲ್ಲಿ ಡೆಂಜಿಲ್‌ನ ಉತ್ತರ ಪ್ರಶ್ನೆಯ ಬೆನ್ನಿಗೇ ಬರುತ್ತಿತ್ತು.

ಕೋಕಿಲಾ ಆ ಬಿಡುವನ್ನು ಕೇಳುತ್ತ ನಿಂತಳು.